ಮಾದಯ್ಯನ ಹೆಸರು

ಗಂಟೆ ಹನ್ನೆರಡೂವರೆ. ಅಮೆರಿಕದ ಲೊಂಬಾರ್ಡ್ ಊರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತ ಕೆಂಪಮ್ಮ ಕೆಳಗಿನ ಹುಲ್ಲುಹಾಸನ್ನೇ ನೋಡುತ್ತಿದ್ದರು. ಮರದಡಿ ಉದ್ದನೆಯ ಮೇಜು, ಎಂಟು ಕುರ್ಚಿಗಳು. ಒಂದರಲ್ಲಿ ಮಾತ್ರ ಕೆಳಮನೆಯ ಅರ್ನೆಸ್ಟೀನ್, ನರೆಗೂದಲಿನ ಕಪ್ಪು ಮಹಿಳೆ, ಕುಳಿತಿದ್ದರು. ಎಲ್ಲ ಬಾಗಿಲಿಗೂ ಆಹ್ವಾನದ ಚೀಟಿ ಅಂಟಿಸಿದ್ದರೂ ಒಂದು ತಾಸಿನಿಂದ ಯಾರೂ ಬಂದಿರಲಿಲ್ಲ.

ಮಗನ ಮನೆಗೆ ಬಂದ ಈ ಮೂರು ತಿಂಗಳಲ್ಲಿ ಕೆಂಪಮ್ಮನನ್ನು ಕಂಡು ಕೈಬೀಸಿದವರು ಆಕೆಯೊಬ್ಬರೇ.

"ಅದ್ಯಾವ ಹಬ್ಬ ಮಗ?"

"ಇಲ್ಲಿ ಗುಲಾಮಗಿರಿ ಹೋಗಿದ್ದರ ನೆನಪಿಗೆ ಮಾಡ್ತಾರಮ್ಮ. ಕೆಂಪು ಶರಬತ್ತು, ಕಲ್ಲಂಗಡಿ, ಅಲಸಂದೆ ಕಾಳು, ಎಲ್ಲ ಸೇರಿ ತಿನ್ನೋದು," ಎಂದ ವಿಜಯ್ ಕುಮಾರ್, ತಟ್ಟೆ ಒರೆಸುತ್ತ.

"ಅಂದ್ರೆ ನಮ್ಮ ಜೀತ ಹೋದಂಗೆ?"

ಅವನ ಕೈ ನಿಂತಿತು. "ಅಮ್ಮ, ಆ ಮಾತು ಇವತ್ತು ಬೇಡ. ಅಂಕಲ್ ಬರೋ ಹೊತ್ತು."

ಪಕ್ಕದೂರು ಗ್ಲೆಂಡೇಲ್ ಹೈಟ್ಸ್‌ನ ಕೃಷ್ಣಮೂರ್ತಿ, ವಿಜಯ್ ಜೊತೆಗಿನ ತಮ್ಮ ಮಗಳು ನಿಹಾರಿಕಾಳ ಮದುವೆಯ ಮಾತು ಮುಗಿಸಲು ಊಟಕ್ಕೆ ಬರುವವರಿದ್ದರು. ತಾಯಿಯ ತಂದೆ ಊರಿನ ಜಮೀನ್ದಾರರಾಗಿದ್ದರೆಂದು ವಿಜಯ್ ಅವರಿಗೆ ಹೇಳಿದ್ದ. ಆ ತಾತ ಮಾದಯ್ಯ ಹದಿನಾಲ್ಕು ವರ್ಷ ಜಮೀನ್ದಾರರ ಮನೆಯ ಜೀತದಾಳಾಗಿದ್ದವರು.

"ನಮ್ಮಪ್ಪ ಜೀತ ಬಿಟ್ಟ ದಿನ ನಮ್ಮವ್ವ ಊರಿಗೆಲ್ಲ ಹೇಳಿ ಅಲಸಂದೆ ಸಾರು ಮಾಡಿದ್ಲು ಕಣಪ್ಪ. ಮ್ಯಾಗಲ ಬೀದಿಯೋರು ಒಬ್ರೂ ಬರ್ನಿಲ್ಲ. ಸಂಜೆಗಂಟ ಬಾಗ್ಲಲ್ಲೇ ಕುಂತಿದ್ಲು." ಕೆಂಪಮ್ಮ ಚಪ್ಪಲಿ ಮೆಟ್ಟಿದರು.

"ಅಮ್ಮ, ಎಲ್ಲಿಗೆ? ನಿಂಗೆ ಇಂಗ್ಲಿಷ್ ಬರಲ್ಲ!"

"ಉಣ್ಣಕ್ಕೆ ಯಾವ ಇಂಗ್ಲಿಷ್ ಬೇಕು?"

ವಿಜಯ್ ಹಿಂದೆಯೇ ಓಡಿದ. ಅವನು ಮೇಜು ತಲಪುವಷ್ಟರಲ್ಲಿ ಕೆಂಪಮ್ಮ ಕುಳಿತಾಗಿತ್ತು. ಅಷ್ಟರಲ್ಲೇ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಕೃಷ್ಣಮೂರ್ತಿ ನೇರವಾಗಿ ಇತ್ತಲೇ ಬಂದರು.

"ಏನ್ ವಿಜಯ್, ಪಾರ್ಟಿ ಇಲ್ಲೇನಾ? ನಂಗೆ ಮೆಟ್ಟಿಲು ಹತ್ತೋದು ತಪ್ಪಿತು ಬಿಡು!"

ಅರ್ನೆಸ್ಟೀನ್ ಎಲ್ಲರ ಲೋಟಕ್ಕೂ ಕೆಂಪು ಶರಬತ್ತು ಸುರಿದು ಇಂಗ್ಲಿಷಿನಲ್ಲಿ ಹೇಳಿದರು: "ಉಣ್ಣುವ ಮೊದಲು ನಾವು ನಮ್ಮ ಹಿರಿಯರ ಹೆಸರು ಹೇಳುತ್ತೇವೆ. ನನ್ನ ಮುತ್ತಜ್ಜ ಐಸಾಕ್. ಬದುಕಿನ ಅರ್ಧ ಇನ್ನೊಬ್ಬರ ಸೊತ್ತಾಗಿದ್ದವರು. ಹೋದ ವರ್ಷ ಈ ಹೆಸರು ಹೇಳಲು ನನ್ನ ತಂಗಿ ಜೊತೆಗಿದ್ದಳು." ಅವರು ಕೆಂಪಮ್ಮನತ್ತ ತಿರುಗಿದರು. "ನಿಮ್ಮವರು?"

ಪ್ರಶ್ನೆ ಅರ್ಥವಾಗದೆ ಕೆಂಪಮ್ಮ ಮಗನ ಮುಖ ನೋಡಿದರು.

ವಿಜಯ್ ಇಂಗ್ಲಿಷಿನಲ್ಲಿ ಯಾವ ಹೆಸರನ್ನಾದರೂ ಹೇಳಬಹುದಿತ್ತು, ಯಾವ ಕಥೆಯನ್ನಾದರೂ ಕಟ್ಟಬಹುದಿತ್ತು. ಅಮ್ಮನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಕೃಷ್ಣಮೂರ್ತಿ ನಗುಮುಖದಿಂದ ಕಾಯುತ್ತಿದ್ದರು.

"ಅಮ್ಮ, ನಮ್ಮ ಹಿರಿಯರ ಹೆಸರು ಕೇಳ್ತಿದಾರೆ," ಎಂದ ಕನ್ನಡದಲ್ಲಿ. ಕೆಂಪಮ್ಮ ತುಟಿ ತೆರೆದರು. ಮಗನ ಎಚ್ಚರಿಕೆ ನೆನಪಾಗಿ ತಲೆ ತಗ್ಗಿಸಿದರು.

ಆ ತಗ್ಗಿದ ತಲೆಯನ್ನು ವಿಜಯ್ ನೋಡಲಾರದೆ ಹೋದ.

"ಮಾದಯ್ಯ," ಎಂದ. "ನನ್ನ ತಾತ. ಅಂಕಲ್, ನಾನು ನಿಮಗೆ ಸುಳ್ಳು ಹೇಳಿದ್ದೆ. ಅವರು ಜಮೀನ್ದಾರರಲ್ಲ, ಜೀತದಾಳು." ಅದನ್ನೇ ಅರ್ನೆಸ್ಟೀನ್‌ಗೆ ಇಂಗ್ಲಿಷಿನಲ್ಲಿ ಹೇಳಿದ.

"ಮಾ-ದ-ಯ್ಯ," ಎಂದು ಆಕೆ ನಿಧಾನವಾಗಿ ಉಚ್ಚರಿಸಿ, ಸರಿಯೇ ಎಂಬಂತೆ ಕೆಂಪಮ್ಮನನ್ನು ನೋಡಿದರು. ಕೆಂಪಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ತಲೆಯಾಡಿಸಿದರು.

ಕೃಷ್ಣಮೂರ್ತಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ವಿಜಯ್ ಅವರ ಮುಖ ನೋಡಲಿಲ್ಲ. ಅಮ್ಮನ ಪಕ್ಕ ಕುಳಿತು ಅಲಸಂದೆಗೆ ತಟ್ಟೆ ಒಡ್ಡಿದ.