ಹಿಂದಿನ ತಿಂಗಳ ಒಪ್ಪಿಗೆ

"ಚಾಕು ನೋಡಿ, ಚಾಕು! ಈಗ ಈ ಹೆಂಗಸಿನ ಮುಖ ನೋಡಿ. ಕೊಲೆಗಾರ್ತಿ ಅನ್ಸಲ್ವಾ?"

ಪ್ರೊಫೆಸರ್ ಮ್ಯಾಂಗ್ ಪರದೆಯತ್ತ ಕೈ ತೋರಿಸಿದ. ಎಪ್ಪತ್ತು ಹುಡುಗ ಹುಡುಗಿಯರು ಕಿಸಕ್ಕನೆ ನಕ್ಕರು. ಪರದೆಯ ಮೇಲಿದ್ದವಳು ನಾನು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದವಳೂ ನಾನೇ. "ನಿಮ್ಮೋರನ್ನ ಸಿನಿಮಾ, ಟಿ.ವಿ.ಯವ್ರು ಹೇಗೆ ತೋರಿಸ್ತಾರೆ ಅಂತ ಪಾಠ ಮಾಡ್ತೀನಿ, ಬನ್ನಿ ಚಿಕ್ಕಮ್ಮ" ಎಂದು ಕರೆತಂದಿದ್ದ. ಮನೆಗೆಲಸದ ಹೆಂಗಸರನ್ನು ಇಲ್ಲಿ ಹಾಗೇ ಕರೆಯುತ್ತಾರೆ, ಚಿಕ್ಕಮ್ಮ ಅಂತ.

ನಾವು ಚೀನಾದ ಯಾನ್‌ಬಿಯನ್ ಕಡೆಯಿಂದ ಸಿಯೋಲ್‌ಗೆ ದುಡಿಯಲು ಬಂದ ಕೊರಿಯನ್ನರು. ಇಲ್ಲಿನ ಸಿನಿಮಾಗಳಲ್ಲಿ ನಮ್ಮ ಗಂಡಸರು ಜನರನ್ನು ಕೊಚ್ಚುತ್ತಾರೆ, ಹೆಂಗಸರು ಕೂಸು ಕದಿಯುತ್ತಾರೆ. ನಿಜದಲ್ಲಿ ಈ ಊರಿನ ಮುದುಕರ ಹೇಲು ಬಳಿಯುವವರು ನಾವೇ. ಮೂರು ವರ್ಷದಿಂದ ನಾನು ಹಾಸಿಗೆ ಹಿಡಿದ ಇವನ ಮುದಿ ತಾಯಿಯ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದೆ. ಆ ಕೆಲಸ ಹೋದರೆ ಸೂರೂ ಹೋಗುತ್ತದೆ.

ಅದೇ ಚಿತ್ರವನ್ನು ಅವನು ಕೊಳಲಿನ ಸಂಗೀತ ಹಾಕಿ ಮತ್ತೆ ತೋರಿಸಿದ. ಈ ಸಲ ಅದೇ ಚಾಕುವಿನಿಂದ ನಾನು ಸೇಬು ಹೆಚ್ಚಿ ಅಜ್ಜಿಯ ಬಾಯಿಗಿಡುತ್ತಿದ್ದೆ.

"ಅರ್ಥ ಚಿತ್ರದೊಳಗಿಲ್ಲ. ಕ್ಯಾಮೆರಾ ಯಾರ ಕೈಲಿದೆಯೋ ಅವರು ಅರ್ಥ ಕಟ್ತಾರೆ, ತಮ್ಮವರಲ್ಲದವರನ್ನ ಅನ್ಯರನ್ನಾಗಿ ಮಾಡ್ತಾರೆ. ಇದೇ ಪ್ರಾತಿನಿಧ್ಯದ ಸಿದ್ಧಾಂತ" ಎಂದ. ಚಪ್ಪಾಳೆ ಬಿತ್ತು. "ಏನಾದ್ರೂ ಹೇಳ್ತೀರಾ ಚಿಕ್ಕಮ್ಮ?"

"ಕ್ಯಾಮೆರಾ ಎಲ್ಲಿಕ್ಕಿದ್ರಿ?"

"ಗಡಿಯಾರದೊಳಗೆ. ಸುಮ್ನೆ, ಅಮ್ಮನ ಸುರಕ್ಷತೆಗೆ."

ಆ ಗಡಿಯಾರದ ಎದುರಿಗೇ ನಾನು ಮೂರು ವರ್ಷ ಬಟ್ಟೆ ಬದಲಿಸಿದ್ದೆ. ಆದರೂ ಸಂಜೆ ಅದೇ ಮನೆಗೆ ಹಿಂತಿರುಗಿದೆ, ಹೋಗಲು ಬೇರೆ ಜಾಗವಿರಲಿಲ್ಲ.

ಯಾವನೋ ಪಾಠದ ಮೊದಲರ್ಧವನ್ನು ಮಾತ್ರ ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿನಲ್ಲಿ ಹರಿಯಬಿಟ್ಟ. ಎರಡೇ ದಿನದಲ್ಲಿ, ನಮ್ಮನ್ನು ಮನೆಗೆಲಸಕ್ಕೆ ಕಳಿಸುವ ಏಜೆನ್ಸಿಯ ಯಜಮಾನಿ ಫೋನ್ ಮಾಡಿದಳು. "ಚಾಕು ಹಿಡ್ದೋಳ್ನ ಕಳಿಸ್ಬ್ಯಾಡ ಅಂತವ್ರೆ ಎಲ್ಲ ಮನೆಯೋರು. ಮಿಕ್ಕೋರ ಅನ್ನಕ್ಕೂ ಕಲ್ಲಾಕ್ದಲ್ಲೇ ಮುಂಡೆ!"

ಆ ಮಧ್ಯಾಹ್ನವೇ ಮ್ಯಾಂಗ್ ಒಂದು ಕಾಗದ ಹಿಡಿದು ಅಡುಗೆಮನೆಗೆ ಬಂದ. ಚಿತ್ರ ತೋರಿಸಲು ನನ್ನ ಒಪ್ಪಿಗೆ ಇತ್ತೇ ಎಂದು ವಿಶ್ವವಿದ್ಯಾಲಯದವರು ಕೇಳಿದ್ದರಂತೆ. ಕಾಗದದ ಮೇಲಿನ ತಾರೀಕು ಹಿಂದಿನ ತಿಂಗಳದ್ದು.

"ಸಹಿ ಹಾಕಿ ಚಿಕ್ಕಮ್ಮ. ಏಜೆನ್ಸಿಗೆ ನಾನೇ ಮಾತಾಡ್ತೀನಿ. ಅಮ್ಮ ಇರೋವರೆಗೂ ಇಲ್ಲೇ ಇರಿ."

"ಆಕ್ದಿದ್ರೆ?"

"ವಿಡಿಯೋ ನೋಡಿ ಹೆದರಿದಾಳೆ ನನ್ ತಂಗಿ, ನಾಳೆಯಿಂದ ಬೇರೆಯವಳನ್ನ ಕರೀತಾಳೆ. ನನ್ ಕೈಲಿ ಏನಿಲ್ಲ." ಪೆನ್ನು ತೆರೆದ. "ಅಂದಹಾಗೆ, ಇಲ್ಲಿ ತುಂಬಬೇಕು. ನಿಮ್ಮ ಹೆಸರೇನು?"

ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದೆ.

"ಥೂ, ನಿನ್ ಓದಿಗೆ ಬೆಂಕಿ ಬೀಳಾ! ಎಪ್ಪತ್ತು ಜನದ ಮುಂದೆ ನನ್ ಬಗ್ಗೆ ಗಂಟ್ಲು ಹರ್ಕೊಂಡ್ಯಲ್ಲೋ, ನನ್ ಹೆಸ್ರೂ ಗೊತ್ತಿಲ್ವೇನೋ ಬೇವರ್ಸಿ?"

ಒಳಗಿನಿಂದ ಅಜ್ಜಿ ಕೂಗಿದಳು. "ಗುಮ್‌ದಾನ್! ಒದ್ದೆಯಾಗೈತೆ, ಬಾರೇ!"

ಮ್ಯಾಂಗ್ ತಕ್ಷಣ ಅದನ್ನೇ ಬರೆದುಕೊಳ್ಳಲು ಬಗ್ಗಿದ. ಪೆನ್ನು ಕಿತ್ತುಕೊಂಡೆ. ಅವನ ತಾರೀಕನ್ನು ಹೊಡೆದುಹಾಕಿ ಅವತ್ತಿನದನ್ನು ಬರೆದೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ನನ್ನ ಹೆಸರು ಹೋ ಗುಮ್‌ದಾನ್, ನನ್ನನ್ನು ಯಾರೂ ಕೇಳಲಿಲ್ಲ, ನಾನು ಒಪ್ಪಿಲ್ಲ.

ಆಮೇಲೆ ಅಜ್ಜಿಯ ಬಟ್ಟೆ ಬದಲಿಸಿ, ಒರೆಸಿ, ಮಗ್ಗುಲು ತಿರುಗಿಸಿ ಮಲಗಿಸಿದೆ. ನನ್ನ ಚೀಲ ಎತ್ತಿಕೊಂಡೆ.

"ಎಲ್ಲಿಗೆ ಹೋಯ್ತೀಯೇ?" ಎಂದು ಅವಳು ನನ್ನ ಮುಂಗೈ ಹಿಡಿದುಕೊಂಡಳು.

ನನಗೂ ಗೊತ್ತಿರಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.