ಹಿಮದಲ್ಲಿ ಮುಗ್ಗರಿಸುತ್ತಿದ್ದ ನರಿ

ನಮ್ಮ ನರಿ ಮೊದಮೊದಲು ಚೆನ್ನಾಗಿಯೇ ಓಡುತ್ತಿತ್ತು. ಕಾಡು ದಾಟಿ, ಹೆಪ್ಪುಗಟ್ಟಿದ ಹೊಳೆ ದಾಟಿ ಬಯಲಿಗೆ ಬಂದ ಮೇಲೆ ಹಿಮ ಬೀಳಲು ಶುರುವಾಯಿತೋ, ಮುಗಿಯಿತು. ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲುತ್ತಿತ್ತು, ಆಮೇಲೆ ದಡಕ್ಕನೆ ಎರಡು ಹೆಜ್ಜೆ ಮುಂದೆ. ಕುಂಟುವ ನರಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ನರಿಯನ್ನು ಬರೆದವಳು ನನ್ನ ಜೊತೆ ಒಂದೇ ಮನೆಯಲ್ಲಿರುವ ಗೆಳತಿ ಹಿಲ್ಪಾ, ಸಂಗೀತ ನನ್ನದು, ಕಂಪ್ಯೂಟರೂ ನನ್ನದು. ಔಲು ಊರಿನ ನಮ್ಮ ವಿದ್ಯಾರ್ಥಿ ಸಂಘ ಚಳಿಗಾಲದಲ್ಲಿ ನಡೆಸುವ ಸ್ಪರ್ಧೆಗೆ ಒಂದೇ ನಿಯಮ: ಬೇರೆ ಗ್ರಾಫಿಕ್ಸ್ ಕಾರ್ಡ್ ಇರಬಾರದು. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ, ನಿಮ್ಮದೇ ಕಂಪ್ಯೂಟರ್ ಅಲ್ಲಲ್ಲೇ ಬರೆಯುತ್ತಾ ಹೋಗುವ ಅನಿಮೇಷನ್ ಚಿತ್ರ ಓಡಿಸಿ ತೋರಿಸಬೇಕು. ನನ್ನದು ಬ್ರೆಡ್ ಡಬ್ಬಿಯಷ್ಟು ಪುಟ್ಟದು, ಅಗ್ಗದ್ದು. ಬೇಸಿಗೆಯಿಡೀ ಐಸ್‌ಕ್ರೀಮ್ ಮಾರಿ ಕೊಂಡಿದ್ದು. ಅದು ಕೆಟ್ಟರೆ ಇನ್ನೊಂದಿಲ್ಲ. ಸ್ಪರ್ಧೆ ಅವತ್ತೇ, ಶನಿವಾರ ಸಂಜೆ.

ಮಧ್ಯಾಹ್ನದಿಂದ ಕೂತು ಗ್ರಾಫಿಕ್ಸ್‌ನ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆವು. ಕುಂಟು ಕಡಿಮೆಯಾಯಿತು, ಹೋಗಲಿಲ್ಲ. ಆಗ ಹಿಲ್ಪಾ ಮೆಮೊರಿಯ ಮಾತೆತ್ತಿದಳು. ಈ ಗ್ರಾಫಿಕ್ಸ್‌ಗೆ ಸ್ವಂತ ತಟ್ಟೆಯಿಲ್ಲ, ಕಂಪ್ಯೂಟರಿನ ಮೆಮೊರಿಯಲ್ಲೇ ಕೈಹಾಕಿ ತಿನ್ನಬೇಕು, ಬಡಿಸುವವರು ಚುರುಕಾದರೆ ಇದರ ಹೊಟ್ಟೆಯೂ ಬೇಗ ತುಂಬುತ್ತದೆ ಅಂದಳು. ಮೆಮೊರಿಯ ವೇಗವನ್ನೂ ಏರಿಸಿ ಮತ್ತೆ ಶುರು ಮಾಡಿದೆವು.

ಪರದೆ ಕಪ್ಪು. ಒಳಗೆ ಫ್ಯಾನ್ ಮಾತ್ರ ಗುಂಯ್ ಅನ್ನುತ್ತಿತ್ತು.

ನನಗೆ ಕಾಯುವುದು ಒಗ್ಗದು. ನೀರು ಕುದಿಯುವ ಮೊದಲೇ ನೂಡಲ್ಸ್ ಹಾಕುವವಳು ನಾನು. ಒಂದು ನಿಮಿಷ ನೋಡಿದೆ, ಆರಿಸಿದೆ, ಹಾಕಿದೆ. ಕಪ್ಪು. ಮತ್ತೆ ಆರಿಸಿದೆ, ಹಾಕಿದೆ. ಮತ್ತೂ ಕಪ್ಪು. ಡಬ್ಬಿ ಬಿಚ್ಚಿ ಒಳಗಿನ ಪುಟ್ಟ ಬ್ಯಾಟರಿ ತೆಗೆದರೆ ಹಳೇ ವೇಗಕ್ಕೆ ಮರಳುತ್ತದೆ ಅಂತ ಹಿಲ್ಪಾ ಹೇಳಿದಳು. ಅಷ್ಟು ಸಣ್ಣ ಸ್ಕ್ರೂಡ್ರೈವರ್ ಮನೆಯಲ್ಲಿರಲಿಲ್ಲ.

"ಕೊಂದ್ಬಿಟ್ವಿ ಕಣೇ," ಅಂದೆ.

"ಗಂಟೆ ನಾಲ್ಕಾಯ್ತು. ಸೌನಾಗೆ ಬಾ."

"ಹೆಣ ಇಟ್ಕೊಂಡು ಸ್ನಾನಕ್ಕೆ ಹೋಗೋದಾ?"

"ಹೆಣ ಎಲ್ಲಿಗೂ ಎದ್ದು ಹೋಗಲ್ಲ. ನಮ್ಮ ಸರದಿ ಹೋಗುತ್ತೆ."

ಕಟ್ಟಡದ ನೆಲಮಾಳಿಗೆಯಲ್ಲಿರುವ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಪ್ರತಿ ಮನೆಗೂ ವಾರಕ್ಕೊಂದು ಸರದಿ. ಜ್ವರ ಬಂದರೂ ಅದನ್ನು ತಪ್ಪಿಸುವ ಪದ್ಧತಿ ನಮ್ಮಲ್ಲಿಲ್ಲ. ಕೊನೇ ಸಲ ಅಂತ ಕಂಪ್ಯೂಟರ್ ಆರಿಸಿ ಹಾಕಿದ್ದೆ, ಅಷ್ಟರಲ್ಲಿ ಅವಳು ದೀಪ ಆರಿಸಿ, ನನ್ನ ತೋಳು ಹಿಡಿದು ಎಳೆದುಕೊಂಡೇ ಹೋದಳು.

ಸೌನಾದ ಬೆಂಚಿನ ಮೇಲೆ ಕೂತು ನಾನು ಕಂಪ್ಯೂಟರಿನ ಮಾತಿಗೆ ಬಾಯಿ ತೆರೆದೆ. ಹಿಲ್ಪಾ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದಳು. ಹಬೆ ಕಿವಿ ಸುಟ್ಟಿತು, ಬಾಯಿ ಮುಚ್ಚಿದೆ. ಮತ್ತೆ ತೆರೆದೆ, ಮತ್ತೊಂದು ಸೌಟು. ಕೊನೆಗೆ ಸುಮ್ಮನೆ ಬೆವರಿದೆ. ಹೊಸ ಕಂಪ್ಯೂಟರಿಗೆ ಇನ್ನೆಷ್ಟು ಐಸ್‌ಕ್ರೀಮ್ ಮಾರಬೇಕೋ ಅನ್ನುವ ಚಿಂತೆಯೂ ಬೆವರಿನ ಜೊತೆ ಸ್ವಲ್ಪ ಇಳಿಯಿತು.

ಮೈ ತಣಿಸಲು ಟವೆಲ್ ಸುತ್ತಿಕೊಂಡು ಅಂಗಳದ ಹಿಮದಲ್ಲಿ ನಿಂತೆವು. ಆಗಲೇ ಪೂರ್ತಿ ಕತ್ತಲು. ನಮ್ಮ ಹೆಗಲುಗಳಿಂದ ಹಬೆಯೇಳುತ್ತಿತ್ತು. ಸುಮ್ಮನೆ ತಲೆಯೆತ್ತಿದರೆ ಎರಡನೇ ಮಹಡಿಯ ಒಂದು ಕಿಟಕಿ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿದೆ.

"ಅದು ನಮ್ಮ ಕಿಟಕಿನಾ?"

"ದೀಪ ಆರಿಸಿದ್ದೆ ನಾನು," ಅಂದಳು ಹಿಲ್ಪಾ, ಮೆಲ್ಲಗೆ.

ಕಂಪ್ಯೂಟರ್ ಎದ್ದ ಕೂಡಲೇ ಕಾಣುವ ನರಿಯ ಚಿತ್ರದ ಬಣ್ಣ ಅದು. ಟವೆಲಿನಲ್ಲೇ ಮೆಟ್ಟಿಲು ಹತ್ತಿ ಓಡಿದೆ. ಎದುರು ಸಿಕ್ಕ ಕೆಳಮನೆಯ ಕೊಕ್ಕೊ ಅವರಿಗೆ ನಮಸ್ಕಾರ ಬೇರೆ ಹೇಳಿದೆ. ಮೆಟ್ಟಿಲಲ್ಲಿ ಯಾರೂ ಯಾರನ್ನೂ ಮಾತಾಡಿಸದ ಕಟ್ಟಡ ನಮ್ಮದು. ಟವೆಲಿಗಿಂತ ಆ ನಮಸ್ಕಾರಕ್ಕೇ ಪಾಪ ಅವರು ಹೆಚ್ಚು ಬೆಚ್ಚಿದರು.

ಕೋಣೆಯಲ್ಲಿ ಕಂಪ್ಯೂಟರ್ ಏನೂ ಆಗದವರ ಹಾಗೆ ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು. ಹೋದ ಜೀವ ಬಂತು. ಹಿಲ್ಪಾ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು: ಮೆಮೊರಿಯ ವೇಗ ಬದಲಿಸಿದರೆ ಕಂಪ್ಯೂಟರ್ ಮೊದಲು ಅದನ್ನು ನಿಧಾನವಾಗಿ ಪರೀಕ್ಷಿಸಿ ನೋಡುತ್ತದೆ, ಹಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ, ನಡುವೆ ಆರಿಸಿದರೆ ಮತ್ತೆ ಮೊದಲಿಂದ ಶುರು.

"ಪ್ರತಿ ಸಲ ಅರ್ಧಕ್ಕೇ ಕುತ್ತಿಗೆ ಹಿಸುಕಿದೀಯ," ಅಂದಳು.

"ಹಿಸುಕಿದೀವಿ ಅನ್ನು."

ಒದ್ದೆ ಕೂದಲಲ್ಲೇ ಚಿತ್ರ ಓಡಿಸಿದೆವು. ಕಾಡು, ಹೊಳೆ, ಬಯಲು. ಹಿಮ ಶುರುವಾಯಿತು. ನರಿ ಒಮ್ಮೆಯೂ ಮುಗ್ಗರಿಸದೆ ಅಷ್ಟೂ ಹಿಮವನ್ನು ದಾಟಿ ಹೋಯಿತು. ನಾನು ಅತ್ತೆ. ಹಿಲ್ಪಾ ಕೂದಲು ಒರೆಸಿಕೋ ಅಂದಳು.

ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಸಭಾಂಗಣಕ್ಕೆ ಹೋದೆವು. ನಮ್ಮ ಸರದಿ ಬಂತು. ತಂತಿ ಚುಚ್ಚಿ ಗುಂಡಿ ಒತ್ತಿದೆ. ದೊಡ್ಡ ಪರದೆ ಕಪ್ಪು. ತಂತಿ ಕಿತ್ತು ತಂದಿದ್ದೆವಲ್ಲ, ಕರೆಂಟು ತಪ್ಪಿದ್ದಕ್ಕೆ ಮೆಮೊರಿಯ ಪರೀಕ್ಷೆ ಮತ್ತೆ ಮೊದಲಿಂದ. ಸಭೆ ಕಾಯಿತು. ಯಾರೋ ಕೆಮ್ಮಿದರು. ಕಾರ್ಯಕ್ರಮ ನಡೆಸುತ್ತಿದ್ದ ಯಾಲ್ಮಾರಿ ಗಡಿಯಾರ ನೋಡಿಕೊಂಡು ಬಂದು, ಗುಂಡಿಯತ್ತ ಬೆರಳು ಚಾಚಿದ.

ಅವನ ಮಣಿಕಟ್ಟು ಹಿಡಿದುಕೊಂಡೆ.

"ಮುಟ್ಬೇಡ. ಅದಿನ್ನೂ ಸೌನಾದಲ್ಲಿದೆ."

ಸೌನಾದಲ್ಲಿರುವವರನ್ನು ನಮ್ಮಲ್ಲಿ ಯಾರೂ ಎಬ್ಬಿಸುವುದಿಲ್ಲ. ಯಾಲ್ಮಾರಿ ಕೈ ಹಿಂದಕ್ಕೆ ತಗೊಂಡು, ಪಕ್ಕದ ಕುರ್ಚಿಯಲ್ಲಿ ಕೂತ. ಹಿಲ್ಪಾ ಅವನಿಗೆ ಉಪ್ಪು ಮಿಠಾಯಿಯ ಪೊಟ್ಟಣ ಚಾಚಿದಳು. ನಾನು ನನ್ನ ಎರಡೂ ಕೈಗಳ ಮೇಲೆ ಕೂತೆ.

ಮಿಠಾಯಿ ಖಾಲಿಯಾಗುವ ಹೊತ್ತಿಗೆ ಪರದೆ ಕಿತ್ತಳೆಯಾಯಿತು.