ಮೂರನೆಯ ಕೆಂಪು

“ಮುದುಕರ ಕುಂಡೆ ತೊಳೀರಿ ಅಂತ ಕರ್ಕೊಂಡ್ ಬಂದ್ರೆ, ನನ್ನ ಮೇಲೇ ಗಡಿಯಾರ ಹಿಡೀತೀರಾ? ಕೊಡೇ ಇಲ್ಲಿ ಫೋನು!”

ಬಾಲಕೃಷ್ಣ ಕೈ ಚಾಚಿದ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಅವನದು ಕೇರ್ ಕಂಪನಿ. ಮನೆಮನೆಗೆ ಹೋಗಿ ಮುದುಕ ಮುದುಕಿಯರನ್ನು ಮೀಯಿಸಿ, ಉಣಿಸಿ, ಗುಳಿಗೆ ನುಂಗಿಸುವ ಮೂವತ್ತು ಹೆಂಗಸರು ನಾವು. ಮೂವತ್ತೂ ಜನರ ವೀಸಾ ಅವನ ಸಹಿಯ ಮೇಲೆ ನಿಂತಿದೆ. ರಾಜ್ಯೋತ್ಸವದ ದಿನ ಮೈಕು ಹಿಡಿದು ‘ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಎನ್ನುವವನೂ ಇವನೇ. ಆಫೀಸಿನಲ್ಲಿ ಮೂರು ಕುರ್ಚಿ ಖಾಲಿ ಇದ್ದವು. ಕೂತುಕೋ ಎನ್ನಲಿಲ್ಲ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಈ ದಾಕ್ಷಾಯಣಿ ಇಲ್ಲಿ ನಿಂತೇ ಬೈಸಿಕೊಳ್ಳಬೇಕು.

“ಫೋನ್ ಕೊಟ್ರ ನನ್ನ ಸಾಕ್ಷಿ ಹೋಗ್ತದ್ರಿ ಸರ್.”

“ಯಾವ ಸಾಕ್ಷಿ? ಫೋನು ಕಂಪನೀದು. ಅದ್ರಲ್ಲಿ ಏನಿರ್ಬೇಕು ಅಂತ ನಾನು ಹೇಳ್ತೀನಿ.”

ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದಾರೆ. ಒಳಗೆ ಕಾಲಿಟ್ಟೊಡನೆ ಫೋನನ್ನು ಅದಕ್ಕೆ ತಾಗಿಸಬೇಕು. ಆಗ ಆಫೀಸಿನ ಗೋಡೆಯ ಪರದೆಯಲ್ಲಿ ನಮ್ಮ ಹೆಸರು ಹಸಿರಾಗುತ್ತದೆ. ನಮ್ಮ ಜೊತೆ ಕೆಲಸ ಮಾಡುವ ಬಸಮ್ಮಕ್ಕನಂತೂ ತಾಗಿಸಿದ ಫೋನನ್ನು ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತಾಳೆ. ತಡವಾದರೆ ಕೆಂಪು. ಮೂರು ಕೆಂಪಾದರೆ ಕೆಲಸ ಹೋಯಿತು, ಅರವತ್ತು ದಿನದಲ್ಲಿ ದೇಶ ಬಿಡಬೇಕು. ನನಗಾಗಲೇ ಎರಡಾಗಿವೆ. ಆಗದೆ ಇನ್ನೇನು? ರೋಟಾದ, ಅಂದರೆ ಅವನು ಬರೆದ ಪಾಳಿಪಟ್ಟಿಯ ಪ್ರಕಾರ, ಟೆಟೆನ್‌ಹಾಲಿನ ಮನೆ ಹತ್ತೂವರೆಗೆ ಮುಗಿಯುತ್ತದೆ, ವೆಡ್ನೆಸ್‌ಫೀಲ್ಡಿನ ಮೌರೀನ್ ಅಜ್ಜಿಯ ಮನೆ ಹತ್ತೂವರೆಗೇ ಶುರುವಾಗುತ್ತದೆ. ನಡುವೆ ಎರಡು ಬಸ್ಸು. ಹಾರಿಕೊಂಡು ಹೋಗಲು ನಾನೇನು ಹನುಮಪ್ಪನೇ? ಇವತ್ತು ಮಾತ್ರ ಟೆಟೆನ್‌ಹಾಲಿಗೆ ಬೇರೆಯವಳನ್ನು ಕಳಿಸಿ, ನನ್ನನ್ನು ಆಫೀಸಿಗೆ ಕರೆಸಿದ್ದಾನೆ.

ಆ ನಡುವಿನ ಹೊತ್ತನ್ನು ಬರೆದಿಡಲೆಂದೇ ಬಸಮ್ಮಕ್ಕನ ಗಂಡ ಶಿವರಾಜಣ್ಣ ಒಂದು ಸಣ್ಣ ಆಪ್ ಮಾಡಿದ್ದ. ಗದಗಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದವನು, ಇಲ್ಲಿ ಗೋದಾಮಿನಲ್ಲಿ ಡಬ್ಬ ಕಟ್ಟುತ್ತಾನೆ. ಯಾವ ಬಾಗಿಲು ಎಷ್ಟು ಹೊತ್ತಿಗೆ ಬಿಟ್ಟೆವು, ಮುಂದಿನದನ್ನು ಎಷ್ಟು ಹೊತ್ತಿಗೆ ಮುಟ್ಟಿದೆವು, ಅಷ್ಟೇ. ಫೋನ್ ಕಂಪನಿಯವರ ಆಪ್ ಅಂಗಡಿಯಲ್ಲಿ ಅದು ಎರಡು ತಿಂಗಳಿತ್ತು. ಬಾಲಕೃಷ್ಣ ಒಂದು ದೂರು ಕೊಟ್ಟ. ‘ಸುರಕ್ಷಿತವಲ್ಲ’ ಎಂದು ಅವರು ತೆಗೆದೆಸೆದರು. ಯಾಕೆಂದು ಕೇಳಿ ಶಿವರಾಜಣ್ಣ ಮೂರು ಸಲ ಬರೆದ. ಮೂರು ಸಲವೂ ಅದೇ ಎರಡು ಸಾಲಿನ ಉತ್ತರ. ಈ ಫೋನಿಗೆ ಆ ಅಂಗಡಿ ಬಿಟ್ಟರೆ ಬೇರೆ ಬಾಗಿಲೇ ಇಲ್ಲ.

ನಿನ್ನೆ ಬಾಲಕೃಷ್ಣ ಆಫೀಸಿನಲ್ಲಿ ಕೂತುಕೊಂಡೇ ಎಲ್ಲರ ಫೋನಿನಿಂದ ಆಪ್ ಅಳಿಸಿದ. ನನಗೆ ರಜೆ ಇತ್ತು, ಫೋನು ಆಫ್ ಇತ್ತು, ನನ್ನದೊಂದು ಉಳಿದುಕೊಂಡಿತ್ತು. ಈ ಮುದುಕರ ಆರೈಕೆಗೆ ದುಡ್ಡು ಕೊಡುವ ನಗರ ಕೌನ್ಸಿಲ್‌ನವರು ಗುರುವಾರ ನನ್ನ ತಡದ ವಿಚಾರಣೆಗೆ ಕರೆದಿದ್ದಾರೆ. ಅವರ ಮುಂದೆ ಅದನ್ನೇ ಹಿಡಿಯಬೇಕೆಂದಿದ್ದೆ.

“ಹೋದ್ ವರ್ಷ ಬಸಮ್ಮ ಏನ್ ಮಾಡಿದ್ಲು, ಮರೆತ್ಯಾ?” ಎಂದ ಬಾಲಕೃಷ್ಣ. “ಯಾವನೋ ಕಳಿಸಿದ ಲಿಂಕ್ ಒತ್ತಿ, ರೋಟಾ ಅನ್ಕೊಂಡು ಕಳ್ಳ ಆಪ್ ಹಾಕ್ಕೊಂಡ್ಲು. ಹನ್ನೊಂದು ಮನೆ ಬೀಗದ ನಂಬರ್ ಕಳ್ಳರ ಕೈಗೆ ಹೋಯ್ತು. ಅದಕ್ಕೇ ಈ ಬಂದೋಬಸ್ತ್ ಫೋನು.”

ಅದು ಸುಳ್ಳಲ್ಲ. ಒಬ್ಬ ಮುದುಕನ ಮನೆಯಿಂದ ಸತ್ತ ಹೆಂಡತಿಯ ಉಂಗುರ ಹೋಗಿತ್ತು. ಬಸಮ್ಮಕ್ಕ ವಾರಗಟ್ಟಲೆ ಅತ್ತಳು.

“ಕಳ್ಳರಿಗೆ ಬಾಗ್ಲಾ ಹಾಕ್ರಿ, ಬ್ಯಾಡಂದವರು ಯಾರು? ಶಿವರಾಜಣ್ಣ ಏನ್ ಕದ್ದಾನ್ರಿ? ನಮ್ಮ ಹೊತ್ತು ನಾವು ಬರದಿಟ್ರ ಅದು ಕಳವೇನು?”

“ಬಾಯ್ ಮುಚ್ಚು. ನಿನ್ನ ವೀಸಾ ರದ್ದು ಮಾಡಿ ಅಂತ ಇವತ್ತೇ ಹೋಮ್ ಆಫೀಸಿಗೆ ಬರೀಲಾ?”

ನನ್ನ ಮಗಳು ಇಲ್ಲಿ ಆರನೆಯ ಕ್ಲಾಸಿನಲ್ಲಿದ್ದಾಳೆ. ಫೋನು ಕೊಟ್ಟೆ.

ಅವನು ಏನೋ ಒತ್ತಿದ. ಫೋನು ಕಪ್ಪಾಗಿ ಮತ್ತೆ ಬೆಳಗಿತು. ಶಿವರಾಜಣ್ಣನ ಆಪ್ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಎರಡು ತಿಂಗಳ ಬಸ್ಸು, ಓಟ, ಮಳೆ, ಎಲ್ಲ ಅಷ್ಟರಲ್ಲೇ ಹೋಯಿತು. ಹಲ್ಕಟ್ ಭಾಡ್ಯಾ ಎಂದು ಒಳಗೊಳಗೇ ಬೈದೆ.

“ಹೊರಡು. ಹತ್ತೂವರೆಗೆ ಮೌರೀನ್ ಮನೆ.” ಫೋನನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದ.

ನಾನು ಮುಟ್ಟಲಿಲ್ಲ. “ಹಿಂದ ಗ್ವಾಡಿ ನೋಡ್ರಿ ಸರ್.”

ತಿರುಗಿದ. ಬಸಮ್ಮ, ಕೆಂಪು. ಭಾಗ್ಯಶ್ರೀ, ಕೆಂಪು. ಸೌಮ್ಯಾ, ಕೆಂಪು. ಅವನು ನೋಡುತ್ತಿದ್ದಂತೆಯೇ ಕೆಳಗೆ ಇನ್ನೆರಡು ಹೆಸರು ಕೆಂಪಾದವು.

“ಏನಿದು? ಒಬ್ರೂ ಹೋಗಿಲ್ವಾ? ಜನ ಸತ್ತೋಗ್ತಾರೆ ಕಣೇ!”

“ಎಲ್ಲಾರೂ ಹೋಗ್ಯಾರ. ಮೈ ತೊಳದಾರ, ಗುಳಿಗಿ ಕೊಟ್ಟಾರ, ಚಾ ಕುಡಿಸ್ಯಾರ. ನಿಮ್ಮ ಚೀಟಿಗೆ ಫೋನ್ ಹಚ್ಚಿಲ್ಲ, ಅಷ್ಟ. ನಿನ್ನಿ ಸಂಜಿಕ ಬಸಮ್ಮಕ್ಕನ ಮನಿಯಾಗ ಕುಂತು ಮಾತಾಡೇವಿ. ಬಂದ ಹೊತ್ತು, ಹೋದ ಹೊತ್ತು ಆ ಮನಿಯವರs ಅಡಗಿಮನಿ ಕ್ಯಾಲೆಂಡರಿನ್ಯಾಗ ಬರದು ಸಹಿ ಹಾಕ್ತಾರ. ಅದನ್ನ ಅಳಸಾಕ ಯಾವ ಅಂಗಡಿಗೆ ದೂರು ಕೊಡ್ತೀರಿ, ಕೊಡ್ರಿ.”

“ಮೂವತ್ತೂ ಜನಾನ ಊರಿಗೆ ಅಟ್ತೀನಿ!”

“ಅಟ್ರಿ. ನಾಳಿ ಮುಂಜಾನೆ ಎಲ್ಲಾ ಮನಿಗೂ ನೀವs ಹೋಗಿ ಮುಕಳಿ ತೊಳೀರಿ.”

ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ನಂಬಿಕೆಯಾಗಲಿಲ್ಲ. ಆಫೀಸಿನ ಫೋನು ಬಡಿದುಕೊಳ್ಳತೊಡಗಿತು. ಅವನು ಎತ್ತಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡಿದೆ. ಹತ್ತೂವರೆ. ದಾಕ್ಷಾಯಣಿ ಕೂಡ ಕೆಂಪಾಯಿತು. ನನ್ನ ಮೂರನೆಯದು.

ಬಸ್ಸು ಹಿಡಿದು ಮುಟ್ಟುವಾಗ ಹನ್ನೊಂದು ಗಂಟೆ ಐದು ನಿಮಿಷ. ಮೌರೀನ್ ಕುರ್ಚಿಯಲ್ಲಿ ಒದ್ದೆಯಾಗಿ ಕೂತಿದ್ದಳು. ಬೈಯಲಿಲ್ಲ, ನನ್ನ ಕೈ ಹಿಡಿದುಕೊಂಡಳು. ತೊಳೆದು, ಒಣ ಬಟ್ಟೆ ಹಾಕಿ, ಚಹಾ ಕೊಟ್ಟೆ. ಆಮೇಲೆ ಗೋಡೆಯ ಕ್ಯಾಲೆಂಡರು ಇಳಿಸಿ ಅವಳ ತೊಡೆಯ ಮೇಲಿಟ್ಟೆ. ತಡವಾಗಿ ಬಂದೆನೆಂದೇ ಬರೆ, ಅಜ್ಜಿ, ಇದ್ದದ್ದು ಇದ್ದ ಹಾಗೆ ಬರೆ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಇವತ್ತಿನ ಚೌಕದಲ್ಲಿ ಹನ್ನೊಂದು ಬರೆಯುವಷ್ಟರಲ್ಲಿ ಅವಳ ಕೈ ನಡುಗಿ ಪೆನ್ನು ಬಿತ್ತು. ಎತ್ತಿ ಕೊಟ್ಟೆ. ಮತ್ತೆ ಬಿತ್ತು. ಮತ್ತೆ ಎತ್ತಿ ಕೊಟ್ಟೆ.